ಅಕ್ಕ ಬರೆದ ಸ್ಲೈಡು

ನಾನು ಚಿಕ್ಕವಳಿದ್ದಾಗ ಸಿಂಧನೂರಿನ ಅರ್ಧ ಊರು ನಮ್ಮ ಅಪ್ಪನನ್ನು 'ಟಾಕೀಸ್ ಸಾಹುಕಾರ್ರು' ಎನ್ನುತ್ತಿತ್ತು, ಇನ್ನರ್ಧ 'ಅಧ್ಯಕ್ಷರು' ಎನ್ನುತ್ತಿತ್ತು. ಎರಡೂ ನಿಜವೇ. ಮೊದಲು ಮಸ್ಕಿ, ಲಿಂಗಸುಗೂರಿನಲ್ಲಿ ಡೇರೆ ಹಾಕಿ ಸಿನೆಮಾ ತೋರಿಸುತ್ತಿದ್ದ ಅಪ್ಪ, ಆಮೇಲೆ ಸಿಂಧನೂರಿನಲ್ಲಿ ತಗಡಿನ ಟಾಕೀಸು ಕಟ್ಟಿಸಿದ. ಅದಾದ ಮೇಲೆ ಪುರಸಭೆಯ ಅಧ್ಯಕ್ಷನೂ ಆದ. ನಲ್ಲಿಯಲ್ಲಿ ನೀರು ಬರದಿದ್ದರೆ ಜನ ಪುರಸಭೆಗೆ ಹೋಗುತ್ತಿರಲಿಲ್ಲ, ನೇರವಾಗಿ ಟಾಕೀಸಿನ ಟಿಕೆಟ್ ಕಿಂಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಅಪ್ಪ ಅಲ್ಲೇ ಕುರ್ಚಿ ಹಾಕಿಸಿಕೊಂಡು ಎಲ್ಲರ ಮಾತು ಕೇಳುತ್ತಿದ್ದ.

ಇಂಟರ್‌ವಲ್ಲಿನಲ್ಲಿ ತೆರೆಯ ಮೇಲೆ ಸ್ಲೈಡುಗಳು ಬರುತ್ತಿದ್ದವು. ಬೀಡಿಯ ಜಾಹೀರಾತು, ಬೀಜದಂಗಡಿಯ ಜಾಹೀರಾತು, ಅವುಗಳ ಹಿಂದೆಯೇ ಅಪ್ಪನ ಊರ ಸುದ್ದಿ. ನಾಳೆ ಯಾವ ಓಣಿಗೆ ನೀರು, ಸಿಡುಬಿನ ಲಸಿಕೆ ಎಲ್ಲಿ ಹಾಕುತ್ತಾರೆ, ಇಂಥವು. ಅವನ್ನು ಬರೆಯುತ್ತಿದ್ದವಳು ನಮ್ಮ ಅಕ್ಕ. ಅಂಗೈಯಗಲದ ಗಾಜನ್ನು ಕಂದೀಲಿನ ಹೊಗೆಗೆ ಹಿಡಿದು ಕಪ್ಪು ಮಾಡಿ, ಸೂಜಿಯ ಮೊನೆಯಿಂದ ಮಸಿ ಕೆರೆದು ಅಕ್ಷರ ಮೂಡಿಸುತ್ತಿದ್ದಳು. ಗಾಜಿನ ಮೇಲೆ ಸೂಜಿ ಎಳ್ಳಷ್ಟು ಜಾರಿದರೂ ತೆರೆಯ ಮೇಲೆ ಮೊಳದುದ್ದ ಕಾಣುತ್ತಿತ್ತು. ಹಾಗಾಗಿ ಅವಳು ಬರೆಯಲು ಕೂತರೆ ಅಡುಗೆಮನೆಯಲ್ಲಿ ಯಾರೂ ಓಡಾಡುವಂತಿರಲಿಲ್ಲ. ಅವ್ವ ಕೂಡ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗೊಣಗುತ್ತ ಕಾಯುತ್ತಿದ್ದಳು. ಗಾಜಿನ ಅಂಚು ಹಿಡಿದುಕೊಳ್ಳುವ ಕೆಲಸ ಮಾತ್ರ ನನ್ನದು.

ಎಲ್ಲ ಬರೆದಾದ ಮೇಲೆ ಅಕ್ಕ ಮೂಲೆಯಲ್ಲಿ ಒಂದು ಪುಟ್ಟ ಗಿಳಿ ಬಿಡಿಸುತ್ತಿದ್ದಳು. ಗೊರೇಬಾಳ, ಬಳಗಾನೂರಿನಿಂದ ಬಂಡಿ ಕಟ್ಟಿಕೊಂಡು ಬಂದ ಜನಕ್ಕೆ ನೀರಿನ ಸುದ್ದಿ ಬೇಕಿರಲಿಲ್ಲ. "ಗಿಳಿ ಬಂತು ನೋಡ್ರಿ" ಎಂದು ಕೂಗಿ ಸಿಳ್ಳೆ ಹಾಕುತ್ತಿದ್ದರು.

ಆ ಗಿಳಿ ನಮ್ಮ ಅಕ್ಕನದೆಂದು ಮನೆಯವರನ್ನು ಬಿಟ್ಟರೆ ಹೊರಗಿನ ಒಬ್ಬರಿಗೂ ಗೊತ್ತಿರಲಿಲ್ಲ. ಸಿನೆಮಾದಿಂದ ಉಂಡರೂ ಅದರ ಗಾಳಿ ಮನೆಯ ಹೆಣ್ಣುಮಕ್ಕಳಿಗೆ ತಾಗಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಅವ್ವ, ಅಕ್ಕ ಆಟ ನೋಡಬೇಕಾದರೆ ದೀಪ ಆರಿದ ಮೇಲೆ ಬಂದು, ಹೆಂಗಸರ ಕಡೆಗೆ ಅಡ್ಡ ಕಟ್ಟಿದ ಕೆಂಪು ಬಟ್ಟೆಯ ಆಚೆ ಕೂರಬೇಕು. "ನಾಳೆ ಕನ್ಯಾ ನೋಡಾಕ ಬಂದವರು ಸಿನೆಮಾದವರ ಹುಡುಗಿ ಅಂದ್ರ ಏನ್ ಹೇಳ್ಲಿ?" ಎನ್ನುತ್ತಿದ್ದ ಅಪ್ಪ.

ಅಕ್ಕ ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದಳು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಾರೆಂದು ಯಾರೋ ಹೇಳಿದ್ದರು. ಅಲ್ಲೇ ಅತ್ತೆಯ ಮನೆ ಇತ್ತು. ಅಲ್ಲಿದ್ದು ಓದುತ್ತೇನೆಂದು ಅಕ್ಕ ಕೇಳಿದಾಗಲೆಲ್ಲ ಅಪ್ಪ "ನೋಡೂಣು" ಎಂದು ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಒಂದು ಭಾನುವಾರ ಅದೇ ಹೈಸ್ಕೂಲಿನ ಹೆಡ್‌ಮಾಸ್ತರರು ಮಧ್ಯಾಹ್ನದ ಆಟಕ್ಕೆ ಬಂದರು. ಅಪ್ಪನೇ ಕರೆಸಿದ್ದ. ನಮ್ಮ ಊರಿನಲ್ಲೂ ಹೆಣ್ಣುಮಕ್ಕಳಿಗೆ ಹೈಸ್ಕೂಲು ತೆರೆಯಬೇಕು ಎಂಬುದು ಆಗ ಅಪ್ಪನ ತಲೆ ಹೊಕ್ಕಿತ್ತು. ಅವರು ಬರುತ್ತಾರೆಂದು 'ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರಿ' ಎಂಬ ಸ್ಲೈಡನ್ನು ಅಕ್ಕನ ಕೈಯಲ್ಲೇ ಬರೆಸಿದ. ಅಕ್ಕ ಎರಡು ದಿನ ಕೂತು, ಮೂರು ಗಾಜು ಕೆಡಿಸಿ, ನಾಲ್ಕನೆಯದರಲ್ಲಿ ಗೆದ್ದಳು. ಹೊರಡುವಾಗ ನನ್ನ ರಟ್ಟೆ ಹಿಡಿದು, "ಮಾಸ್ತರು ಏನಂತಾರ, ಎಲ್ಲಾ ಕೇಳ್ಕೊಂಡ್ ಬಾ. ಒಂದ್ ಮಾತೂ ಬಿಡಬ್ಯಾಡ" ಎಂದಳು. ಸಣ್ಣವಳಾದ್ದರಿಂದ ನಾನು ಗಂಡಸರ ಕಡೆ ಅಪ್ಪನ ಪಕ್ಕ ಕೂರಬಹುದಿತ್ತು.

ಇಂಟರ್‌ವಲ್ಲಿನಲ್ಲಿ ಆ ಸ್ಲೈಡು ಬಂತು. ಗಿಳಿ ಕಂಡು ಜನ ಚಪ್ಪಾಳೆ ತಟ್ಟಿದರು. ತಗಡಿನ ಬಿಸಿ, ಬೀಡಿ ಹೊಗೆ, ಹುರಿದ ಶೇಂಗಾದ ವಾಸನೆ, ಅದರ ನಡುವೆ ಅಕ್ಕನ ಅಕ್ಷರಗಳು ಆಳೆತ್ತರ ಬೆಳ್ಳಗೆ ನಿಂತಿದ್ದವು. ಹೆಡ್‌ಮಾಸ್ತರರು ಸೋಡಾ ಬಾಟಲಿ ಕೆಳಗಿಟ್ಟರು.

"ಯಾರ ಬರದಾರ್ರೀ ಅಧ್ಯಕ್ಷರ? ಈ ಕೈ ನಮ್ಮ ಸಾಲಿಗೆ ಬೇಕ್ರೀ. ಕಳಸ್ರಿ, ಫೀಸು ಮಾಫಿ ಮಾಡಸ್ತೀನಿ. ಡ್ರಾಯಿಂಗ್ ಪರೀಕ್ಷಾಕ್ಕೂ ಕೂಡಸ್ತೀನಿ."

ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಅಪ್ಪ ಬಾಯಿ ತೆರೆದ. ಆದರೆ ಹಿಂದಿನ ಬೆಂಚಿನಲ್ಲಿ ಬಜಾರದ ನಾಲ್ಕು ಜನ ದೊಡ್ಡವರು ಕಿವಿ ನಿಮಿರಿಸಿ ಕೂತಿದ್ದರು. ಅಪ್ಪ ಅವರ ಕಡೆ ಒಮ್ಮೆ ತಿರುಗಿ, "ನಮ್ಮ ಪೇಂಟರ್ ಬರೀತಾನ್ರಿ" ಎಂದುಬಿಟ್ಟ.

ಮಾಸ್ತರರ ಕಣ್ಣು ಚುರುಕು. ನನ್ನ ಕಡೆ ಬಗ್ಗಿ, "ಹೌದೇನವಾ? ಪೇಂಟರ್ ಬರೀತಾನೇನು? ಮತ್ತ ನಿನ್ನ ಬೆರಳಿಗ್ಯಾಕ ಮಸಿ ಹತ್ತೈತಿ?" ಎಂದು ನಕ್ಕರು.

ಅಪ್ಪ ನನ್ನನ್ನು ನೋಡಿದ. ಗದರುವಂತೆ ನೋಡಿದ್ದರೆ ಬಹುಶಃ ನಿಜ ಹೇಳಿಬಿಡುತ್ತಿದ್ದೆ, ನಾನು ಅಷ್ಟು ಹಟಮಾರಿ. ಆದರೆ ಊರಿಗೆಲ್ಲ ಹುಕುಂ ಮಾಡುವ ನಮ್ಮ ಅಪ್ಪ ಆವತ್ತು ಬೇಡಿಕೊಳ್ಳುವವನಂತೆ ನೋಡಿದ.

"ಹೌದ್ರಿ, ಪೇಂಟರ್ ಬರೀತಾನ. ನಾ ಸುಮ್ನ ಮುಟ್ಟಿದ್ದೆ" ಎಂದೆ.

ನಮ್ಮ ಪಕ್ಕದಲ್ಲೇ ಆ ಕೆಂಪು ಬಟ್ಟೆ ಅಲುಗಾಡಿತು. ಆಚೆಯಿಂದ ಅದರ ಅಂಚು ಹಿಡಿದಿದ್ದ ಒಂದು ಕೈ ಮೆಲ್ಲಗೆ ಬಿಟ್ಟಿತು. ಅಕ್ಕನಿಗೆ ನನ್ನ ಮೇಲೆ ಪೂರ್ತಿ ಭರವಸೆ ಇರಲಿಲ್ಲವೇನೋ, ತಾನೇ ಹತ್ತಿರ ಬಂದು ಕೇಳುತ್ತಿದ್ದಳು. ಅಪ್ಪ ನನಗೆ ಒಂದು ಪೊಟ್ಟಣ ಶೇಂಗಾ ಕೊಡಿಸಿದ. ನಾಚಿಕೆಯಿಲ್ಲದೆ ಅಷ್ಟನ್ನೂ ತಿಂದೆ.

ಮನೆಗೆ ಬಂದ ಮೇಲೆ ಅಕ್ಕ ಉಳಿದ ಗಾಜುಗಳನ್ನು ತೊಳೆದು, ಒರೆಸಿ, ಒಂದರ ಮೇಲೊಂದು ಇಟ್ಟಳು. ಮುಂದಿನ ಭಾನುವಾರದಿಂದ ನಿಜವಾಗಿಯೂ ಪೇಂಟರನೇ ಬರೆದ, ಸೊಟ್ಟ ಸೊಟ್ಟ. ಬಳಗಾನೂರಿನವರು ಕೆಲವು ವಾರ ಗಿಳಿ ಎಲ್ಲಿ ಎಂದು ಕೇಳಿ ಸುಮ್ಮನಾದರು. ಮರುವರ್ಷ ಅಕ್ಕನನ್ನು ಮಸ್ಕಿಯ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟರು.

ಅಪ್ಪ ಕೆಟ್ಟವನೆಂದು ನೀವು ತಿಳಿಯಬೇಡಿ, ಮೊಮ್ಮಕ್ಕಳೇ. ನಮ್ಮ ಊರಿನ ಹೆಣ್ಣುಮಕ್ಕಳ ಹೈಸ್ಕೂಲು ಅವನು ಓಡಾಡಿ ತಂದದ್ದೇ. ಅದರ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ನನ್ನದು. ಅಕ್ಕನಿಗೆ ಸಿಗದ ಬೆಂಚಿನ ಮೇಲೆ ನಾನು ಕೂತು ಓದಿ ಟೀಚರಾದೆ. ನಿಜ ಹೇಳಬೇಕೆಂದು ಊರ ಮಕ್ಕಳಿಗೆಲ್ಲ ಕಲಿಸಿ ಸಂಬಳ ತೆಗೆದುಕೊಂಡೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಈಗ ಟಾಕೀಸಿನ ಜಾಗದಲ್ಲಿ ಮದುವೆ ಹಾಲ್ ಇದೆ. ನಿಮಗೆ ಸಿನೆಮಾ ಬೇಕೆಂದರೆ ಹಾಸಿಗೆಯ ಮೇಲೇ ಬರುತ್ತದೆ, ಇಂಟರ್‌ವಲ್ಲಿನ ರಗಳೆಯೂ ಇಲ್ಲ. ಟ್ಯಾಬಿನಲ್ಲಿ ನವಿಲು ಬಿಡಿಸಿ, ನವಿಲಿಗಿಂತ ದೊಡ್ಡದಾಗಿ ನಿಮ್ಮ ಹೆಸರು ಹಾಕುತ್ತೀರಿ. ನಿಮ್ಮಪ್ಪ ಅದನ್ನು ಬಂಧುಬಳಗಕ್ಕೆಲ್ಲ ಕಳಿಸಿ, "ನನ್ನ ಮಗಳು ಬಿಡಿಸಿದ್ದು" ಎಂದು ಮೆರೆಯುತ್ತಾನೆ. ಹೋದ ತಿಂಗಳು ಮಸ್ಕಿಗೆ ಹೋದಾಗ ಆ ನವಿಲನ್ನು ಅಕ್ಕನಿಗೂ ತೋರಿಸಿದಿರಲ್ಲ? ಅವಳು ಕನ್ನಡಕ ಏರಿಸಿ ನಿಮ್ಮ ಹೆಸರಿನ ಮೇಲೆ ಬೆರಳಾಡಿಸಿದಳು. ಚಿತ್ರ ಸರಿದು ಬೇರೇನೋ ಬಂತು, ನೀವೆಲ್ಲ ನಕ್ಕಿರಿ.

ನೀವು ಆಡಲು ಹೋದ ಮೇಲೆ ನಾನು ಅವಳ ಕೈ ಹಿಡಿದುಕೊಂಡು, "ಅಕ್ಕಾ, ಅವತ್ತು ಮಾಸ್ತರ ಮುಂದ ನಾ ಸುಳ್ಳ ಹೇಳಿದೆ. ತಪ್ಪಾತು" ಎಂದೆ. ಇಷ್ಟು ಹೇಳಲು ನನಗೆ ಅರವತ್ತು ವರ್ಷ ಬೇಕಾಯಿತು.

ಅಕ್ಕ ಸಿಟ್ಟು ಮಾಡಲಿಲ್ಲ.

"ಅವಾಗ ನೀ ಸಣ್ಣಾಕಿ ಇದ್ದಿ ಬಿಡವಾ. ಆದ್ರ ನೀ ಕಲತು ಟೀಚರ್ ಆದ ಮ್ಯಾಲೂ ಅಪ್ಪ ಇಪ್ಪತ್ತು ವರ್ಷ ಇದ್ದ. ಅವಾಗರ ಅಂವಗ ಒಂದ್ ಮಾತ್ ಹೇಳಬಾರದಿತ್ತಾ? 'ನನ್ನ ಮಗಳು ಬರದಾಳ' ಅಂತ ಅಪ್ಪನ ಬಾಯಿಂದ ಒಮ್ಮಿ ಕೇಳೂದಿತ್ತು ನನಗ."