ಅಕ್ಕನ ದಾರಿ ತಡೆದ ದಿನ

ಆಫೀಸಿನಲ್ಲಿ ಅವಳಿಗೆ 'ಜರಡಿ' ಎಂದೇ ಹೆಸರು. ದೊಡ್ಡ ಇಂಟರ್ನೆಟ್ ಕಂಪನಿ ಅದು. ಊರೂರಿನಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಗಳು ಅದರ ಗ್ರಾಹಕರು. "ಇಂತಿಂಥ ಇಂಟರ್ನೆಟ್ ವಿಳಾಸಗಳಿಗೆ ದಾರಿ ನಮ್ಮ ಮೂಲಕ" ಎಂದು ಆ ಕಂಪನಿಗಳ ಯಂತ್ರಗಳು ಸಾರುತ್ತಲೇ ಇರುತ್ತವೆ. ಆ ವಿಳಾಸಗಳು ನಿಜಕ್ಕೂ ಅವರವೇ ಎಂದು, ಯಾವ ವಿಳಾಸ ಯಾರದೆಂದು ದಾಖಲಿಸಿಟ್ಟ ನೋಂದಣಿಯೊಡನೆ ತಾಳೆ ನೋಡಿ, ಅಲ್ಲದ್ದನ್ನು ತಡೆಯುವ ಫಿಲ್ಟರ್ ಅವಳ ಸುಪರ್ದಿನಲ್ಲಿತ್ತು. ಹಾಗೆ ತಡೆಯದಿದ್ದರೆ ಯಾರದೋ ಬ್ಯಾಂಕಿಗೆ ಹೋಗಬೇಕಾದ ಮಾಹಿತಿ ಇನ್ಯಾರದೋ ಅಂಗಳದಲ್ಲಿ ಹೋಗಿ ಬೀಳುತ್ತದೆ.

ಆ ಗ್ರಾಹಕರಲ್ಲಿ ಅವಳ ಅಕ್ಕನೂ ಒಬ್ಬಳು. ಅಕ್ಕತಂಗಿ ಸೇರಿಯೇ ಕಟ್ಟಿದ ಸಣ್ಣ ಕಂಪನಿ; ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆ. ಏಣಿ ಹತ್ತಿ, ಕೇಬಲ್ ಎಳೆದು, ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿದ ದಿನಗಳು. ತಾನು ದೊಡ್ಡ ಕಂಪನಿಗೆ ಸೇರುತ್ತೇನೆ ಎಂದು ತಂಗಿ ಹೇಳಿದ ದಿನವೇ ಅಕ್ಕ ಮಾತು ಬಿಟ್ಟಳು. ಅಂದಿನಿಂದ ಅಕ್ಕನ ಸುದ್ದಿ ಎಂದರೆ, ಅವಳ ಕಂಪನಿಯ ಸಂಪರ್ಕ ಸರಿಯಿದೆ ಎಂದು ತೋರಿಸುವ ಪರದೆಯ ಮೇಲಿನ ಒಂದು ಹಸಿರು ಗೆರೆ. ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಅದನ್ನೊಮ್ಮೆ ನೋಡದಿದ್ದರೆ ಅವಳಿಗೆ ಯಾವ ಕೆಲಸಕ್ಕೂ ಕೈ ಓಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕನ ಕಡೆಯಿಂದ ಹೊಸ ವಿಳಾಸಗಳು ಬಂದವು, ಫಿಲ್ಟರ್ ತಡೆಯಿತು. ನೋಂದಣಿಯಲ್ಲಿ ಅವು ಬೇರೊಬ್ಬರ ಹೆಸರಿನಲ್ಲಿದ್ದವು. ಇಂಥದ್ದಕ್ಕೆ ಒಂದು ಮೇಲ್ ಕಳಿಸಿದರೆ ಸಾಕು. ಅವಳು ಫೋನ್ ಎತ್ತಿಕೊಂಡಳು.

"ನೀನೇ ತಡೆದಿದ್ದಾ?" ಅಕ್ಕನ ಮೊದಲ ಮಾತೇ ಅದು.

"ನಾನಲ್ಲಕ್ಕ, ಫಿಲ್ಟರ್. ಆ ವಿಳಾಸ ಯಾರದ್ದು?"

"ಪಕ್ಕದೂರಿನವರ ಕಂಪನಿ ತಗೊಂಡೆ. ಅವರ ಗ್ರಾಹಕರೆಲ್ಲ ನನ್ನ ತಲೆ ತಿಂತಿದ್ದಾರೆ. ಸ್ವಲ್ಪ ಬಿಟ್ಬಿಡೇ."

"ನೋಂದಣೀಲಿ ಇನ್ನೂ ಹಳಬರ ಹೆಸರೇ ಇದೆ. ಅದು ಬದಲಾಗ್ದೆ ಬಿಡೋಕಾಗಲ್ಲ."

"ಅಕ್ಕನಿಗೂ?"

"ಅಕ್ಕನಿಗೂ."

ಅಕ್ಕ ಮುಖ ಊದಿಸಿಕೊಂಡಿದ್ದು ಫೋನಿನಲ್ಲೇ ಗೊತ್ತಾಯಿತು. ಆದರೂ ತಂಗಿ ಹೇಳಿಕೊಟ್ಟಂತೆ ಹಳೆಯ ಮಾಲೀಕರನ್ನು ಹಿಡಿದು ಹೆಸರು ಬದಲಾಯಿಸಿದಳು. ಮಧ್ಯಾಹ್ನದ ಹೊತ್ತಿಗೆ ದಾರಿ ತೆರೆಯಿತು. ಅಕ್ಕ ಫೋನ್ ಮಾಡಿ "ಆಯ್ತು, ಬಂತು," ಎಂದವಳೇ ಇಟ್ಟುಬಿಟ್ಟಳು. ಮಂಡಿನೋವು ಹೇಗಿದೆ, ಈಗಲೂ ನೀನೇ ಏಣಿ ಹತ್ತುತ್ತೀಯಾ, ನನ್ನ ನೆನಪಾಗುತ್ತಾ — ಒಂದೂ ತಂಗಿಯ ಬಾಯಿಂದ ಹೊರಡಲಿಲ್ಲ.

ವಾರ ಕಳೆದ ಮೇಲೆ ತಂಗಿ ಮನೆಯಿಂದಲೇ ಮತ್ತೆ ಫೋನ್ ಮಾಡಿದಳು.

"ಏನೇ, ಮತ್ತೆ ನಿಂತೋಯ್ತಾ?"

"ಇಲ್ಲಕ್ಕ, ಎಲ್ಲ ಸರಿಯಾಗಿದೆ."

"ಮತ್ಯಾಕೆ ಮಾಡ್ದೆ?"

"ಸುಮ್ನೆ."

ಅತ್ತ ಕಡೆ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಅಕ್ಕ ಫೋನ್ ಇಡಲಿಲ್ಲ.