ಡೆಲ್ಬರ್ಟ್ ನಿಲ್ಲಿಸಿದ ಕಂಬ

ನೆಬ್ರಾಸ್ಕಾದ ಆ ಊರಲ್ಲಿ ಯಾರ ಹಿತ್ತಲಲ್ಲಿ ಗಾಳಿಯಂತ್ರ ನಿಲ್ಲಿಸಬೇಕಾದರೂ ಡೆಲ್ಬರ್ಟ್ ಹ್ರುಸ್ಕಾನೇ ಬರಬೇಕು. ಬಂದವನು ಮೊದಲು ಕಾಫಿ ಕುಡಿಯುತ್ತಾನೆ, ಆಮೇಲೆ ಬೈಯುತ್ತಾನೆ. “ಮನೆ ಮೇಲೆ ಕೂರಿಸ್ಬೇಕಾ? ಹಾಗಾದ್ರೆ ನೀವು ಕೊಟ್ಟಿಗೇಲಿ ಮಲಗಿ!” ಕಂಬ ಬಿದ್ದರೂ ಮನೆಗೆ ತಾಗದಷ್ಟು ದೂರವನ್ನು ಹೆಜ್ಜೆಯಲ್ಲೇ ಅಳೆಯುತ್ತಾನೆ. ಕಂಬವನ್ನು ಸುತ್ತಲಿಂದ ಎಳೆದು ಹಿಡಿದ ಬಿಗಿತಂತಿಗಳನ್ನು ಮಿಡಿದು, ಸಡಿಲವಾದದ್ದನ್ನು ಹಳೆಯ ವೈರಿಯಂತೆ ದುರುಗುಟ್ಟಿ ನೋಡುತ್ತಾನೆ. ಬಯಲಿನ ಗಾಳಿಯೂ ಅವನ ಅಪ್ಪಣೆ ಕೇಳಿಯೇ ಬೀಸುತ್ತದೆಂದು ಊರ ಮಾತು. ಮೊನ್ನೆ ಮುದುಕಿ ಆರ್ಲೀನ್‌ಳ ಯಂತ್ರದ ತುದಿಯಲ್ಲಿ ಬೋಲ್ಟೊಂದು ಸಡಿಲವಾಗಿತ್ತು. ಕಂಬವನ್ನೇ ಇಳಿಸಬೇಕೆಂದ ಡೆಲ್ಬರ್ಟ್. “ಕಂಬ ಯಾಕೋ ಇಳಿಸ್ತೀಯ, ಡೆಲ್? ಏಣಿ ಹತ್ತಿ ತಿರುಗಿಸಿದ್ರೆ ಮುಗೀತಲ್ಲ” ಎಂದಳು. ಡೆಲ್ಬರ್ಟ್ ಕಾಫಿ ಲೋಟ ಕೆಳಗಿಟ್ಟ. “ನಮ್ಮಣ್ಣನೂ ಹಾಗೇ ಅಂದಿದ್ದ. ಅವನು ಬಿದ್ದಾಗ ಏಣಿ ಹಿಡ್ಕೊಂಡಿದ್ದೋನು ನಾನೇ.” ರೆಕ್ಕೆಗಳನ್ನು ಕಟ್ಟಿ, ಕಂಬವನ್ನು ಬುಡದ ಕೀಲಿನ ಮೇಲೆ ಮೆಲ್ಲಗೆ ಮಲಗಿಸಿ, ಹುಲ್ಲಿನಲ್ಲಿ ಮಂಡಿಯೂರಿ ಆ ಬೋಲ್ಟನ್ನು ಬಿಗಿದ.