ಅಕ್ಕ ಹೂಂ ಅಂದರೆ ಹಾರು

ಟೇಪು ಬಿಚ್ಚುವ ಮೊದಲೇ ಅವಳು ಕಿಟಕಿಯ ಅಗಲ ಹೇಳಿಬಿಡುತ್ತಿದ್ದಳು. ಪರದೆ ಅಂಗಡಿಯಲ್ಲಿ ಹದಿನೆಂಟು ವರ್ಷದ ಕೆಲಸ. ಜನರ ಮನೆಗೆ ಹೋಗಿ ಅಳೆಯುವುದು, ಬಂದು ಕತ್ತರಿಸಿ ಹೊಲಿಯುವುದು, ಮತ್ತೆ ಹೋಗಿ ಕಂಬಿಗೆ ತೂಗುಹಾಕುವುದು. ಅವಳು ಐದಡಿ ಎರಡಂಗುಲ ಎಂದರೆ ಐದಡಿ ಎರಡಂಗುಲವೇ. ಮಾಲೀಕ ಗಿರಾಕಿಗಳ ಮುಂದೆ, "ನಮ್ಮಲ್ಲಿ ಟೇಪಿಗೇ ಸಂಬಳ ಕೊಡ್ತೀವಿ" ಎಂದು ನಗಿಸುತ್ತಿದ್ದ.

ಆ ಕಣ್ಣಳತೆಯೇ ಅವಳನ್ನು ಗೋಡೆ ಹತ್ತಿ ಹಾರುವ ಪಾರ್ಕೂರ್ ಆಟಕ್ಕೆ ಎಳೆದದ್ದು. ಅಂಗಡಿಯ ಹಿಂದಿನ ಓಣಿಯಲ್ಲಿ ನಾಲ್ಕೈದು ಜನ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾರುವುದನ್ನು ಕಲಿಯುತ್ತಿದ್ದರು. ಒಬ್ಬ ಮತ್ತೆ ಮತ್ತೆ ಗೇಣಷ್ಟರಲ್ಲಿ ತಪ್ಪುತ್ತಿದ್ದ. ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತಿ ಕಿಟಕಿಯಿಂದಲೇ, "ಎರಡು ಹೆಜ್ಜೆ ಹಿಂದಿನಿಂದ ಓಡಿ ಬಾ, ಸಿಗುತ್ತೆ" ಎಂದಳು. ಸಿಕ್ಕಿತು. ಮುಂದಿನ ವಾರ ಅವಳೂ ಗೋಡೆಯ ಮೇಲಿದ್ದಳು. ಆಗ ಅವಳಿಗೆ ಮೂವತ್ತೊಂದು.

"ಲೋಕಕ್ಕೆಲ್ಲ ಮೆಟ್ಟಿಲು ಸಾಕು, ನಿನಗೊಬ್ಬಳಿಗೆ ಗೋಡೆನೇ ಬೇಕಾ?" ಎಂದು ಅಮ್ಮ ಅವಳ ಮೊಣಕೈಗೆ ಮುಲಾಮು ಹಚ್ಚುತ್ತ ಬೈದರು.

ಹತ್ತು ವರ್ಷದಲ್ಲಿ ಆ ನಾಲ್ಕೈದು ಜನರ ಗುಂಪು ಅರವತ್ತು ಜನರದಾಯಿತು. ಸುತ್ತಲಿನ ಮೂರು ಊರುಗಳಲ್ಲಿ ಒಬ್ಬೊಬ್ಬರೇ ಹಾರುತ್ತ, ಕಾವಲುಗಾರರಿಂದ ಬೈಸಿಕೊಳ್ಳುತ್ತಿದ್ದವರನ್ನು ಅವಳು ಬಸ್ಸು ಹಿಡಿದು ಹುಡುಕಿಕೊಂಡು ಹೋದಳು. ತಿಂಗಳ ಮೊದಲ ಭಾನುವಾರ ಸರದಿಯಂತೆ ಒಂದೊಂದು ಊರಲ್ಲಿ ಸೇರುವುದೆಂದು ಗೊತ್ತುಮಾಡಿದಳು. ಮದುವೆ ಫೋಟೋ ತೆಗೆಯುವವನೊಬ್ಬ ಕ್ಯಾಮೆರಾ ಹೊತ್ತು ಬಂದು ಸೇರಿಕೊಂಡ. ಬಿದ್ದು ನರಳುತ್ತಿರುವವರಿಗೂ "ಸ್ಮೈಲ್" ಎನ್ನುತ್ತಿದ್ದದ್ದರಿಂದ ಅವನ ಹೆಸರು ಸ್ಮೈಲ್ ಎಂದೇ ಆಯಿತು. ಅವನ ವಿಡಿಯೊ ನೋಡಿ ಇನ್ನಷ್ಟು ಜನ ಬಂದರು. ಕೊನೆಗೆ ನಾಲ್ಕೂ ಊರಿನ ಗೋಡೆ ಹಾರುವವರ ಬಗ್ಗೆ, ಊರಿಗೊಂದು ಭಾಗದಂತೆ, ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟರು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: ಅಕ್ಕ ಹೂಂ ಅಂದರೆ ಹಾರು, ಊಹೂಂ ಅಂದರೆ ಇಳಿ.

ಮೂರು ಭಾಗ ಮುಗಿದಿದ್ದವು. ಒಂದು ಬೆಳಿಗ್ಗೆ ಅವಳು ಸುರಿದ ಚಹಾ ಲೋಟದ ಪಕ್ಕಕ್ಕೆ ಬಿತ್ತು. "ಜ್ಞಾನ ಎಲ್ಲಿಟ್ಟಿದ್ದೀಯೇ?" ಎಂದರು ಅಮ್ಮ. ಜ್ಞಾನ ಲೋಟದ ಮೇಲೇ ಇತ್ತು. ಆ ವಾರವೇ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಅಂಗಡಿಯಿಂದ ಹೋದ ಪರದೆಯೊಂದು ಅರ್ಧ ಅಡಿ ಗಿಡ್ಡವಾಗಿ ವಾಪಸ್ ಬಂತು. ಅವಳು ಕಣ್ಣಿನ ಡಾಕ್ಟರ ಮುಂದೆ ಹೋಗಿ ಕೂತಳು.

"ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ಎಡಗಣ್ಣಿನ ನರ ಒಣಗಿದೆಯಮ್ಮ. ಹೋದದ್ದು ಬರಲ್ಲ. ಬಲಗಣ್ಣಾದ್ರೂ ಉಳಿಸ್ಕೊಳ್ಳೋಣ. ದೂರ ಹತ್ತಿರ ಸರಿಯಾಗಿ ಗೊತ್ತಾಗಲ್ಲ, ಮೆಟ್ಟಿಲು ಇಳಿಯೋವಾಗ ಹುಷಾರು."

ಮೆಟ್ಟಿಲು! ಅವಳಿಗೆ ನಗು ಬಂತು. ಆಮೇಲೆ ಆಸ್ಪತ್ರೆಯ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಯಾರಿಗೂ ಹೇಳಲಿಲ್ಲ. ಒಂದೇ ಭಾಗ ಉಳಿದಿದೆ, ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ತಾನು ಹಿಂದೆ ಸರಿದರೆ ಗುಂಪು ದಿಕ್ಕಾಪಾಲಾಗುತ್ತದೆ ಎಂಬ ಭಯವಿತ್ತು. ಕಣ್ಣು ಹೋದ ಅಕ್ಕನನ್ನು ಇನ್ನು ಯಾರು ಕೇಳುತ್ತಾರೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಕೊನೆಯ ಚಿತ್ರೀಕರಣ ಪಾಳುಬಿದ್ದ ಗೋದಾಮಿನಲ್ಲಿ ನಡೆಯಿತು. ಎದೆಯೆತ್ತರದ ಎರಡು ಗೋಡೆ, ನಡುವೆ ಕಾಂಕ್ರೀಟು ನೆಲ. ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಗೋಡೆ ಹತ್ತಿ ನಿಂತು, "ಅಕ್ಕ, ಆಗುತ್ತಾ?" ಎಂದು ಕೇಳಿದಳು.

ಅವಳು ನೋಡಿದಳು. ಆಚೆಯ ಗೋಡೆ ಕಾಗದದ ಮೇಲಿನ ಗೆರೆಯಂತೆ ಚಪ್ಪಟೆಯಾಗಿ ಕಂಡಿತು. ಆರಡಿಯೋ, ಎಂಟಡಿಯೋ. ಕ್ಯಾಮೆರಾ ಓಡುತ್ತಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಹೂಂ" ಎಂದಳು.

ಹುಡುಗಿಯ ಪಾದ ಅಂಚಿಗೆ ತಾಗಿ ಜಾರಿತು. ಕೈ ಊರಿಕೊಂಡು ಬಿದ್ದಳು. ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಮೂರನೇ ದಿನ ಸ್ಮೈಲ್ ಅವಳನ್ನು ತನ್ನ ಫೋಟೋ ಸ್ಟುಡಿಯೋಗೆ ಕರೆದ. ಕಂಪ್ಯೂಟರಿನ ಪರದೆಯ ಮೇಲೆ ಒಂದು ತುಣುಕನ್ನು ನಿಲ್ಲಿಸಿಟ್ಟಿದ್ದ. "ಇದು ನೀವು ಹಾರೋ ಮುಂಚೆ. ಕಾಲಲ್ಲಿ ಗೋಡೆಯಂಚು ತಡಕ್ತಿದ್ದೀರ. ಈ ಭಾಗದ ಎಲ್ಲ ಶಾಟಲ್ಲೂ ಹೀಗೇ ಇದೆ. ಏನಾಗಿದೆ ಅಕ್ಕ?"

ಅವಳು ಹೇಳಿದಳು. ಹೇಳಿ ಮುಗಿಸಿದವಳೇ ಅವನ ಕೈ ಹಿಡಿದುಕೊಂಡಳು. "ಅದನ್ನೆಲ್ಲ ತೆಗೆದುಬಿಡು. ನಿನ್ನ ಕಾಲಿಗೆ ಬೀಳ್ತೀನಿ."

ಅವನು ಒಂದೊಂದನ್ನೇ ತೆಗೆದ. ಅವಳು ಪಕ್ಕದಲ್ಲಿ ಕೂತು ನೋಡಿದಳು.

ಮರುದಿನ ಹುಡುಗಿಯ ಮನೆಗೆ ಹೋದಳು. ತಾಯಿ ಕುರ್ಚಿ ಹಾಕಿ, ನೀರು ಕೊಟ್ಟರು. ಭುಜದವರೆಗೆ ಕಟ್ಟು ಕಟ್ಟಿಸಿಕೊಂಡಿದ್ದ ಹುಡುಗಿ, "ಸಾರಿ ಅಕ್ಕ. ನನ್ನಿಂದ ಶೂಟಿಂಗ್ ಹಾಳಾಯ್ತು. ನೀವು ಸರಿಯಾಗೇ ಹೇಳಿದ್ರಿ, ನಾನೇ ಕಾಲು ಸರಿಯಾಗಿ ಒದೀಲಿಲ್ಲ" ಎಂದಳು.

ಸುಮ್ಮನಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅವಳು ನೀರಿನ ಲೋಟ ಕೆಳಗಿಟ್ಟಳು.

"ನಿನ್ನ ತಪ್ಪಿಲ್ಲ ಕಣೇ. ಆ ಗೋಡೆ ಎಷ್ಟು ದೂರ ಇದೆ ಅಂತ ನನಗೆ ಕಾಣಿಸಲೇ ಇಲ್ಲ. ಒಂದು ಕಣ್ಣು ಹೋಗಿದೆ."

"ಅವತ್ತು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಹುಡುಗಿ ಮುಖ ತಿರುಗಿಸಿಕೊಂಡಳು. ತಾಯಿ ಬಾಗಿಲು ತೆರೆದು ನಿಂತರು. "ಎದ್ದು ಹೋಗಿ. ನಿಮ್ಮ ಮಾನ ಉಳಿಸೋಕೆ ನನ್ನ ಮಗಳ ಕೈ ಬೇಕಿತ್ತಾ?"

ಅಲ್ಲಿಂದ ನೇರ ಸ್ಟುಡಿಯೋಗೆ ಬಂದು, "ತೆಗೆದದ್ದೆಲ್ಲ ವಾಪಸ್ ಹಾಕು" ಎಂದಳು. ಕ್ಯಾಮೆರಾ ಮುಂದೆ ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಎರಡು ಸಲ ತಡವರಿಸಿದಳು. ಸ್ಮೈಲ್ ಅದನ್ನೂ ಹಾಗೇ ಬಿಟ್ಟ.

ಶಾಲೆಯೊಂದರ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಅರವತ್ತು ಕುರ್ಚಿ ಹಾಕಿದ್ದರು, ಸುದ್ದಿ ಆಗಲೇ ಹಬ್ಬಿದ್ದರಿಂದ ಬಂದವರು ಹತ್ತೊಂಬತ್ತು ಜನ. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು. ವಾರದೊಳಗೆ ಎರಡು ಊರಿನವರು ಬೇರೆಯಾದರು. "ನಿಮ್ಮನ್ನ ನಂಬಿ ನಮ್ಮ ತಮ್ಮ ತಂಗೀರನ್ನ ಕರ್ಕೊಂಡು ಬರ್ತಿದ್ವಿ" ಎಂದು ಒಬ್ಬ ಫೋನಿನಲ್ಲಿ ಹೇಳಿದ. ಹುಡುಗಿಯ ಪ್ರಾಕ್ಟಿಕಲ್ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಯಿತು. ಹುಡುಗಿಗೆ ಕಳಿಸಿದ ಸಂದೇಶಗಳಿಗೆ ಉತ್ತರ ಬರಲಿಲ್ಲ.

ಅಂಗಡಿಯಲ್ಲಿ ಈಗ ಅವಳಿಗೆ ಇಸ್ತ್ರಿ ಮೇಜಿನ ಕೆಲಸ. ದಿನಕ್ಕೆರಡು ಸಲ ಅಮ್ಮ ಬಲಗಣ್ಣಿಗೆ ಹನಿ ಹಾಕುತ್ತಾರೆ, ಬೈಯುವುದನ್ನು ಬಿಟ್ಟಿದ್ದಾರೆ.

ಬೇರೆಯಾದ ಒಂದು ಊರಿನವರು ತಮ್ಮ ಪಾಡಿಗೆ ಸೇರುತ್ತಿದ್ದಾರೆಂದು ಕೇಳಿ, ಒಂದು ಭಾನುವಾರ ಅವಳು ಬಸ್ಸು ಹತ್ತಿ ಹೋದಳು. ಅವರು ಹಾರುವ ಮೈದಾನದ ಎದುರಿನ ಬಸ್ ನಿಲ್ದಾಣದಲ್ಲಿ ಕೂತಳು. ಅವರು ನೋಡಿದರು, ಯಾರೂ ಕರೆಯಲಿಲ್ಲ. ಮುಂದಿನ ತಿಂಗಳೂ ಹೋಗಿ ಕೂತಳು. ಮೂರನೇ ತಿಂಗಳು ಬಿಸಿಲು ಜೋರಾಗಿತ್ತು. ಹಾರುತ್ತಿದ್ದವರಲ್ಲೊಬ್ಬ ರಸ್ತೆ ದಾಟಿ ಬಂದು, ನೀರಿನ ಬಾಟಲಿಯೊಂದನ್ನು ಅವಳ ಪಕ್ಕದಲ್ಲಿಟ್ಟು ಮೈದಾನಕ್ಕೆ ಮರಳಿದ.